ಇಸಿಡಿ ಪ್ರಕಾರ ವಿಜ್ಞಾನದ ಪ್ರಶ್ನೆ ಬರೆಯುವುದು ಹೇಗೆ? ಮಾಡಿ ಗೊತ್ತಿರುವವರು ಹೇಳಿ

ಪ್ರಶ್ನೆ

ಏಳನೇ ತರಗತಿಯ ರಾಜ್ಯಮಟ್ಟದ ವಿಜ್ಞಾನ ಸಮೀಕ್ಷೆಗೆ 40 ಪ್ರಶ್ನೆ ಬೇಕು. ನಾವು ಎಂಟು ಜನ ಶಿಕ್ಷಕರಿದ್ದೇವೆ. 'ಎವಿಡೆನ್ಸ್ ಸೆಂಟರ್ಡ್ ಡಿಸೈನ್' (ಇಸಿಡಿ, ಅಂದರೆ ಪುರಾವೆ ಕೇಂದ್ರಿತ ವಿನ್ಯಾಸ) ಪ್ರಕಾರವೇ ಬರೆಯಿರಿ ಎಂದಿದ್ದಾರೆ. ಕೊಟ್ಟಿರುವ ಸ್ಲೈಡುಗಳಲ್ಲಿ ಬರೀ ಪೆಟ್ಟಿಗೆ, ಬಾಣ. ನೀಲನಕ್ಷೆ (ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಮಾಡಿ ಬರೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಯಾರಾದರೂ ಒಂದು ಪ್ರಶ್ನೆ ಹಿಡಿದು ತೋರಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಮೇಡಂ, ಪೆಟ್ಟಿಗೆ ಬಾಣ ಸದ್ಯಕ್ಕೆ ಪಕ್ಕಕ್ಕಿಡಿ. ಅಮೆರಿಕದ ಪರೀಕ್ಷಾ ಸಂಸ್ಥೆ ಇಟಿಎಸ್‌ನಲ್ಲಿ ರಾಬರ್ಟ್ ಮಿಸ್ಲೆವಿ, ಲಿಂಡಾ ಸ್ಟೈನ್‌ಬರ್ಗ್, ರಸೆಲ್ ಆಲ್ಮಂಡ್ ಕಟ್ಟಿದ ಈ ವಿಧಾನದ ತಿರುಳು ಇಷ್ಟೇ: ಮಗುವಿನ ಬಗ್ಗೆ ಏನು ಹೇಳಲು ಹೊರಟಿದ್ದೇವೆ, ಹಾಗೆ ಹೇಳಬೇಕಾದರೆ ಮಗು ಏನು ಮಾಡಿದ್ದು ಕಣ್ಣಿಗೆ ಬೀಳಬೇಕು, ಎಂಥ ಕೆಲಸ ಕೊಟ್ಟರೆ ಅದು ಕಣ್ಣಿಗೆ ಬೀಳುತ್ತದೆ. ಪ್ರಶ್ನೆ ಬರೆಯುವುದು ಕೊನೆಗೆ. ನೀಲನಕ್ಷೆ 'ಚಲನೆ ಮತ್ತು ಕಾಲ, ಅನ್ವಯ, 2 ಅಂಕ' ಎನ್ನುತ್ತದೆ. ಆ 2 ಅಂಕ ಗಳಿಸಿದ ಮಗುವಿಗೆ ಏನು ಬರುತ್ತದೆ ಎಂದು ಅದು ಹೇಳುವುದಿಲ್ಲ. ಹಾಗಂತ ನೀಲನಕ್ಷೆ ಬಿಡಬೇಡಿ, ಅಂಕ ಹಂಚಲು ಅದು ಬೇಕೇ ಬೇಕು.

ಸರಳ ಲೋಲಕ ತೆಗೆದುಕೊಳ್ಳಿ. 'ಲೋಲಕದ ಆಂದೋಲನದ ಅವಧಿ ಗುಂಡಿನ ದ್ರವ್ಯರಾಶಿಯನ್ನು ಅವಲಂಬಿಸಿದೆಯೇ?' ಎಂದು ಕೇಳಿದರೆ ಪಾಠದ ಒಂದು ಸಾಲು ನೆನಪಿದ್ದರೆ ಸಾಕು. ನಾವು ಹೇಳಬೇಕಾದದ್ದು ಇದು ಎಂದಿಟ್ಟುಕೊಳ್ಳಿ: ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಮಿಕ್ಕದ್ದನ್ನು ಬದಲಿಸಬಾರದು ಎಂಬುದು ಮಗುವಿಗೆ ಗೊತ್ತಿದೆ. ಪುರಾವೆ: ಉದ್ದ ಒಂದೇ ಇದ್ದು ದ್ರವ್ಯರಾಶಿ ಮಾತ್ರ ಬೇರೆಯಾದ ಜೋಡಿಯನ್ನು ಮಗು ಆರಿಸುತ್ತದೆ. ಈಗ ಕೋಷ್ಟಕ:

ಪ್ರಯೋಗ 1: ದಾರ 100 ಸೆಂ.ಮೀ., ಗುಂಡು 50 ಗ್ರಾಂ, 10 ಆಂದೋಲನಕ್ಕೆ 20 ಸೆಕೆಂಡು
ಪ್ರಯೋಗ 2: 50 ಸೆಂ.ಮೀ., 100 ಗ್ರಾಂ, 14 ಸೆಕೆಂಡು
ಪ್ರಯೋಗ 3: 100 ಸೆಂ.ಮೀ., 100 ಗ್ರಾಂ, 20 ಸೆಕೆಂಡು
ಪ್ರಯೋಗ 4: 50 ಸೆಂ.ಮೀ., 50 ಗ್ರಾಂ, 14 ಸೆಕೆಂಡು

'ಗುಂಡಿನ ದ್ರವ್ಯರಾಶಿಯಿಂದ ಕಾಲ ಬದಲಾಗುತ್ತದೆಯೇ ಎಂದು ತಿಳಿಯಲು ಯಾವ ಎರಡು ಪ್ರಯೋಗಗಳನ್ನು ಹೋಲಿಸಬೇಕು?' ಸರಿಯುತ್ತರ 1 ಮತ್ತು 3. 1–4 ಆರಿಸಿದ ಮಗು ಒಂದನ್ನೇ ಬದಲಿಸಬೇಕೆಂದು ಬಲ್ಲದು, ಯಾವುದನ್ನು ಎಂಬಲ್ಲಿ ಎಡವಿದೆ. 1–2 ಆರಿಸಿದ್ದಕ್ಕೆ ಎರಡೂ ಬದಲಾದರೂ ತೊಂದರೆ ಅನ್ನಿಸಿಲ್ಲ. ಹೀಗೆ ತಪ್ಪು ಆಯ್ಕೆಯೂ ಏನಾದರೂ ಹೇಳಬೇಕು. ಸರಿ ಜೋಡಿಯನ್ನು ಮೇಲಿನ ಎರಡು ಸಾಲಿನಲ್ಲೇ ಇಡಬೇಡಿ, ಓದದ ಮಕ್ಕಳೂ ಅದನ್ನೇ ಗುರುತು ಮಾಡುತ್ತಾರೆ. 2–4 ಕೂಡ ಸರಿಯಾದ ಜೋಡಿಯೇ, ಆದ್ದರಿಂದ ಅದು ಆಯ್ಕೆಗಳಲ್ಲಿ ಬರಕೂಡದು.

ಉತ್ತರ 2

ಉದಾಹರಣೆ ಚೆನ್ನಾಗಿದೆ ಸರ್, ಆದರೆ ಒಂದು ಸೋರಿಕೆ ಇದೆ. 1 ಮತ್ತು 3ರಲ್ಲಿ ಕಾಲ ಎರಡೂ 20 ಸೆಕೆಂಡು. 'ದ್ರವ್ಯರಾಶಿಯಿಂದ ಬದಲಾಗುವುದಿಲ್ಲ' ಎಂದು ಬಾಯಿಪಾಠ ಮಾಡಿದ ಮಗು ಒಂದೇ ಅಂಕಿ ಇರುವ ಜೋಡಿ ಹುಡುಕಿ ಗುರುತು ಹಾಕುತ್ತದೆ. ಉತ್ತರ ಸರಿ, ಪುರಾವೆ ಸುಳ್ಳು. ಈ ಪ್ರಶ್ನೆಯಲ್ಲಿ ಕಾಲದ ಕಾಲಂ ತೆಗೆದುಬಿಡಿ. ಅದನ್ನು ಮುಂದಿನ ಪುಟದ 'ಈ ಅಂಕಿಗಳಿಂದ ಏನು ತೀರ್ಮಾನಿಸಬಹುದು?' ಎಂಬ ಬೇರೆ ಪ್ರಶ್ನೆಗೆ ಇಡಿ. ಎದುರುಬದುರು ಪುಟದಲ್ಲಿ ಬಂದರೆ ಒಂದು ಇನ್ನೊಂದಕ್ಕೆ ಸುಳಿವು ಕೊಡುತ್ತದೆ.

20.1, 19.9 ಎಂಬಂಥ ಅಂಕಿ 'ನಿಜ ಅನ್ನಿಸುತ್ತದೆ' ಎಂದು ಹಾಕುವವರಿದ್ದಾರೆ. ಆಗ ಅಳತೆಯ ಏರುಪೇರನ್ನು ಅರ್ಥಮಾಡಿಕೊಳ್ಳುವ ಇನ್ನೊಂದು ಸಾಮರ್ಥ್ಯ ನುಸುಳುತ್ತದೆ. ಅದನ್ನು ಅಳೆಯುವ ಉದ್ದೇಶವಿದ್ದರೆ ಹಾಕಿ, ಇಲ್ಲದಿದ್ದರೆ 20 ಸಾಕು.

ಪ್ರತಿ ಸಾಮರ್ಥ್ಯಕ್ಕೂ ಒಂದು ಪುಟದ ಅಚ್ಚು ಮಾಡಿಕೊಳ್ಳಿ. ಅದರಲ್ಲಿ ಅಳೆಯುವ ಸಾಮರ್ಥ್ಯ, ಅಳೆಯದಿದ್ದರೂ ಬೇಕಾಗುವ ಕೌಶಲಗಳು (ಕೋಷ್ಟಕ ಓದುವುದು, ಏಕಮಾನ), ಕಡ್ಡಾಯವಾಗಿ ಇರಬೇಕಾದದ್ದು, ಬದಲಿಸಬಹುದಾದದ್ದು ಇಷ್ಟಿರಲಿ. ಇಲ್ಲಿ ಕನಿಷ್ಠ ಎರಡು ಅಂಶ ಬದಲಾಗುವ ಪ್ರಯೋಗಗಳು ಕಡ್ಡಾಯ. ಸಂದರ್ಭ ಬದಲಿಸಬಹುದು: ಬೀಜ ಮೊಳೆಯುವುದು, ನೀರಿನಲ್ಲಿ ಸಕ್ಕರೆ ಕರಗುವುದು. ಕಷ್ಟವಾಗಬೇಕೆಂದರೆ ಮೂರನೇ ಅಂಶ ಸೇರಿಸಿ. ಒಂದೇ ಅಚ್ಚಿನಿಂದ ಐದಾರು ಪ್ರಶ್ನೆ ಸಲೀಸಾಗಿ ಬರುತ್ತವೆ. ಶ್ರಮವೆಲ್ಲ ಮೊದಲ ಅಚ್ಚಿಗೇ, ಅದಕ್ಕೆ ಬೇಜಾರಾಗಬೇಡಿ.

ಎಂಟು ಜನ ಪಾಠ ಹಂಚಿಕೊಳ್ಳಬೇಡಿ, ಸಾಮರ್ಥ್ಯ ಹಂಚಿಕೊಳ್ಳಿ. ಬರೆದ ಮೇಲೆ ಪ್ರಶ್ನೆಯನ್ನು ಮಾತ್ರ, ಅಚ್ಚು ತೋರಿಸದೆ, ಇನ್ನೊಬ್ಬರ ಕೈಗೆ ಕೊಟ್ಟು 'ಇದು ಏನನ್ನು ಅಳೆಯುತ್ತದೆ?' ಎಂದು ಬರೆಸಿ. ಅವರು ಬರೆದದ್ದೂ ಅಚ್ಚಿನಲ್ಲಿದ್ದದ್ದೂ ತಾಳೆಯಾಗದಿದ್ದರೆ ತಿದ್ದಬೇಕಾದದ್ದು ಪ್ರಶ್ನೆಯನ್ನು, ಸಹೋದ್ಯೋಗಿಯನ್ನಲ್ಲ.

ಉತ್ತರ 3

ಭಾಷೆಯ ಕಡೆಯಿಂದ ಎರಡು ಮಾತು. ಪಠ್ಯದಲ್ಲಿ 'ದ್ರವ್ಯರಾಶಿ' ಇದ್ದು ಪ್ರಶ್ನೆಯಲ್ಲಿ 'ತೂಕ' ಬಂದರೆ ಗೊಂದಲವಾಗುತ್ತದೆ. ಆಯಾ ತರಗತಿಯ ಪುಸ್ತಕದ ಪದವನ್ನೇ ಬಳಸಿ. 'ಯಾವ ಜೋಡಿಯನ್ನು ಹೋಲಿಸಬಾರದು' ಎಂಬ ನಿಷೇಧದ ವಾಕ್ಯ ಬೇಡ, ಅವಸರದಲ್ಲಿ ಆ 'ಬಾರದು' ಕಣ್ತಪ್ಪುತ್ತದೆ. ಉರ್ದು, ಇಂಗ್ಲಿಷ್ ಮಾಧ್ಯಮಕ್ಕೂ ಹೋಗುವುದಾದರೆ ಅನುವಾದಕರಿಗೆ ಅಚ್ಚನ್ನೂ ಜೊತೆಗೆ ಕೊಡಿ. ಯಾವ ಪದ ಸಡಿಲವಾದರೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಾಗುವುದು ಅದರಿಂದಲೇ.

ಬರವಣಿಗೆಯ ಉತ್ತರವಾದರೆ ರೂಬ್ರಿಕ್ (ಅಂಕ ಕೊಡುವ ಮಾನದಂಡ) ಅನ್ನೂ ಪುರಾವೆಯಿಂದಲೇ ತೆಗೆಯಿರಿ. ಸರಿ ಜೋಡಿ ಮತ್ತು 'ಉದ್ದ ಒಂದೇ, ದ್ರವ್ಯರಾಶಿ ಬೇರೆ' ಎಂಬ ಕಾರಣಕ್ಕೆ 2, ಜೋಡಿ ಸರಿಯಿದ್ದು ಕಾರಣ ಇಲ್ಲದಿದ್ದರೆ 1. ಅಕ್ಷರ ಅಂದವಾಗಿದೆ, ಉತ್ತರ ಉದ್ದವಾಗಿದೆ ಎಂದು ಅಂಕ ಏರಿಸುವ ಅಭ್ಯಾಸ ಮೌಲ್ಯಮಾಪಕರಿಗೆ ಇರುತ್ತದೆ, ಆದ್ದರಿಂದ ಪ್ರತಿ ಅಂಕಕ್ಕೂ ಮಕ್ಕಳೇ ಬರೆದ ಎರಡು ಮೂರು ಮಾದರಿ ಉತ್ತರ ಲಗತ್ತಿಸಿ.

ಉತ್ತರ 4

40 ಬೇಕಿದ್ದರೆ 80 ಬರೆಯಿರಿ. ಮೊದಲು ಐದಾರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಯೋಚಿಸುವುದನ್ನು ಬಾಯಿಬಿಟ್ಟು ಹೇಳಿಸಿ. ಮೇಲೆ ಹೇಳಿದ ಸೋರಿಕೆ ಇಲ್ಲೇ ಸಿಕ್ಕಿಬೀಳುತ್ತದೆ, ಅಂಕಿಅಂಶದಲ್ಲಿ ಸಿಗುವುದಿಲ್ಲ. ಆಮೇಲೆ ಪ್ರತಿ ಪ್ರಶ್ನೆಗೂ ಕನಿಷ್ಠ 200 ಮಕ್ಕಳ ಉತ್ತರ ಸಿಗುವಂತೆ ಪ್ರಾಯೋಗಿಕ ಪರೀಕ್ಷೆ ಮಾಡಿ. ಸರಿಯುತ್ತರ ಕೊಟ್ಟವರು 20%ಗಿಂತ ಕಡಿಮೆ ಅಥವಾ 90%ಗಿಂತ ಹೆಚ್ಚಿದ್ದರೆ, ಒಟ್ಟು ಅಂಕದೊಂದಿಗೆ ಪ್ರಶ್ನೆಯ ಸಹಸಂಬಂಧ (ಒಟ್ಟಾರೆ ಚೆನ್ನಾಗಿ ಮಾಡಿದವರೇ ಇದನ್ನೂ ಸರಿ ಮಾಡಿದ್ದಾರೆಯೇ ಎಂಬುದರ ಅಳತೆ) 0.2ಕ್ಕಿಂತ ಕೆಳಗಿದ್ದರೆ ಮತ್ತೆ ನೋಡಿ. ತಪ್ಪು ಆಯ್ಕೆಯೊಂದನ್ನು ಒಟ್ಟು ಅಂಕ ಹೆಚ್ಚಿರುವ ಮಕ್ಕಳೇ ಆರಿಸುತ್ತಿದ್ದರೆ ಮೊದಲು ಕೀ ಉತ್ತರ ಪರಿಶೀಲಿಸಿ, ಎಷ್ಟೋ ಸಲ ತಪ್ಪು ಅಲ್ಲಿರುತ್ತದೆ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ನಮ್ಮ ಓಎಂಆರ್ ಹಾಳೆಯಲ್ಲಿ ನಾಲ್ಕು ವೃತ್ತ ಇವೆ. ಲೋಲಕದ ಪ್ರಶ್ನೆಗೆ ಮೂರೇ ಆಯ್ಕೆ ಆಗುತ್ತಿದೆಯಲ್ಲ?

ಉತ್ತರ 4

ನಾಲ್ಕು ಪ್ರಯೋಗಕ್ಕೆ ಆರೇ ಜೋಡಿ: ಎರಡು ಸರಿ, ಎರಡರಲ್ಲಿ ಉದ್ದ ಮಾತ್ರ ಬೇರೆ, ಎರಡರಲ್ಲಿ ಎರಡೂ ಬೇರೆ. ಮೂರು ಬಗೆ ಅಷ್ಟೇ. ನಾಲ್ಕು ಕಡ್ಡಾಯವಾದರೆ 3–4 ಹಾಕಿ. ಅದು 1–2 ಹೇಳಿದ್ದನ್ನೇ ಹೇಳುತ್ತದೆ, ವಿಶ್ಲೇಷಣೆಯಲ್ಲಿ ಎರಡನ್ನೂ ಕೂಡಿಸಿ ನೋಡಿ. 'ಮೇಲಿನ ಯಾವುದೂ ಅಲ್ಲ' ಮಾತ್ರ ಬೇಡ, ಅದನ್ನು ಆರಿಸಿದ ಮಗು ಏನು ಯೋಚಿಸಿತು ಎಂದು ಯಾರಿಗೂ ತಿಳಿಯುವುದಿಲ್ಲ.