ಕುದುರೆ ಈದರೆ ಮರಿಯೋ, ಕರುವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಹೊರಗೆ, ಯಜಮಾನರು ಕೈಬಿಟ್ಟ ಕುದುರೆಗಳನ್ನು ಸಾಕುವ ಲಾಯವೊಂದಕ್ಕೆ ನಾನು ಭಾನುವಾರ ಹೋಗುತ್ತೇನೆ. ಲದ್ದಿ ಬಾಚುತ್ತೇನೆ, ದಿನದ ಪುಸ್ತಕ ಬರೆಯುತ್ತೇನೆ. ಪುಸ್ತಕ ಕನ್ನಡದಲ್ಲೇ ಇರಬೇಕು ಅಂತ ಹಟ ಹಿಡಿದವನು ನಾನೇ. ಈಗ ಪದ ಸಿಗದೆ ಒದ್ದಾಡುತ್ತಿರುವವನೂ ನಾನೇ.

ಐದು ತಿಂಗಳ ಹಿಂದೆ, ಮದುವೆ ಮೆರವಣಿಗೆಯಲ್ಲಿ ದುಡಿದು ಸೊರಗಿದ ಬಿಳಿ ಹೆಣ್ಣು ಕುದುರೆಯೊಂದು ಬಂತು. ಪಕ್ಕೆಲುಬು ಎಣಿಸಬಹುದಿತ್ತು. ಗಬ್ಬ ಅಂತ ಯಾರಿಗೂ ಹೊಳೆಯಲಿಲ್ಲ. ಕುದುರೆ ಹೊರುವುದು ಹೆಚ್ಚುಕಡಿಮೆ 11 ತಿಂಗಳು. ಅಂದರೆ ಬರುವಾಗಲೇ ಹೊತ್ತುಕೊಂಡು ಬಂದಿತ್ತು. ಹೋದ ವಾರ ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟಿತು. ಮರುದಿನ ನಡುರಾತ್ರಿ ಹೆರಿಗೆ. ಲಾಯ ನೋಡಿಕೊಳ್ಳುವ ಹಿರಿಯರು ಕೋಲಾರದ ಕಡೆಯವರು. ಪುಸ್ತಕದಲ್ಲಿ ಹೀಗೆ ಬರೆದಿದ್ದರು: "ಬಿಳಿ ಕುದುರೆ ಈಯಿತು. ಹೆಣ್ಣು ಕರು. ಗಿಣ್ಣು ಕುಡೀತು. ಕಸ ಬಿತ್ತು." (ಕಸ ಅಂದರೆ ಹೆರಿಗೆಯಾದ ಮೇಲೆ ಬೀಳುವ ಮಾಸು.)

ಬೆಳಗ್ಗೆ ಬಂದ ಪಶುವೈದ್ಯರು ಧಾರವಾಡದವರು. ಓದಿ ನಕ್ಕರು. "ಕರು ಅಲ್ಲರೀ, ಮರಿ." ಹಿರಿಯರು ಬಿಡಲಿಲ್ಲ. "ಮರಿ ಅನ್ನೋಕೆ ಇದೇನು ನಾಯೀನಾ ಡಾಕ್ಟ್ರೇ?"

ನಾನು ಇಷ್ಟು ದಿನ ಸುಮ್ನೆ 'ಕುದುರೆ ಮರಿ' ಅನ್ನುತ್ತಿದ್ದೆ. ಈಗ ಅನುಮಾನ ಶುರುವಾಗಿದೆ. ಯಾವುದಕ್ಕೆ ಕರು, ಯಾವುದಕ್ಕೆ ಮರಿ? ಗಾತ್ರ ಅನ್ನೋಣ ಅಂದರೆ ಆನೆಗೂ ಮರಿಯೇ. ಹಾಲು ಕರೆಯುವ ಪ್ರಾಣಿ ಅನ್ನೋಣ ಅಂದರೆ ಮೇಕೆಗೂ ಮರಿಯೇ. ಕೊನೆಗೆ ಕರು ಅನ್ನುವುದು ಹಸು ಎಮ್ಮೆಗಷ್ಟೇ ಉಳಿಯುತ್ತದೆ. ಅಕ್ಕಪಕ್ಕದ ನುಡಿಗಳಲ್ಲಿ ಇದರ ನಂಟರು ಇದ್ದಾರೆ: ತುಳುವಿನಲ್ಲಿ ಕಂಜಿ, ತಮಿಳಿನಲ್ಲಿ ಕನ್ರು. ತಮಿಳಿನದು ಸಸಿಗೂ ಆಗುತ್ತದೆ. ನಮ್ಮ ಬಾಳೆಯ 'ಕಂದು' ನೆನಪಾಗುತ್ತದೆ, ಅಲ್ವಾ? ಆದರೆ ತಮಿಳರೂ ಕುದುರೆಯದನ್ನು 'ಕುಟ್ಟಿ' ಅನ್ನುತ್ತಾರೆ. ಮರಾಠಿಯವರು ಮಾತ್ರ ಜಾಣರು, 'ಶಿಂಗರೂ' ಅಂತ ಅದಕ್ಕೇ ಬೇರೆ ಪದ ಇಟ್ಟುಕೊಂಡಿದ್ದಾರೆ.

ಸಂಸ್ಕೃತದಲ್ಲೂ ಇದೆ. ಅಮರಕೋಶ ನೋಡಿದರೆ 'ಕಿಶೋರ' ಅಂದರೆ ಕುದುರೆಯ ಮರಿ! ಅದೇ ಸಾಲಿನಲ್ಲಿ ಹೆಣ್ಣು ಕುದುರೆಗೆ 'ವಡವಾ' ಅಂತಿದೆ, ನಮ್ಮ ಬಡಬಾಗ್ನಿಯ, ಅಂದರೆ ಪುರಾಣದ ಕಡಲೊಳಗಿನ ಬೆಂಕಿಯ, ಬಡಬೆ ಇವಳೇ. ಹದಿಹರೆಯದ ಹುಡುಗರನ್ನು ಕಿಶೋರರು ಅನ್ನುವಾಗ ನಾವು ಕುದುರೆ ಲಾಯದ ಮಾತು ಆಡುತ್ತಿದ್ದೇವೆ ಅಂತ ನನಗಂತೂ ಗೊತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ 'ಕಿಶೋರಿ ಗಿಣ್ಣು ಕುಡಿದಳು' ಅಂತ ಬರೆದರೆ ಪಕ್ಕದ ಮನೆ ಹುಡುಗಿ ಅಂದುಕೊಂಡಾರು.

ಹಿರಿಯರ ಆ ನಾಲ್ಕು ಸಾಲು ಮತ್ತೆ ನೋಡಿ. ಎಲ್ಲವೂ ದನದ ಕೊಟ್ಟಿಗೆಯ ಮಾತು. 'ಈಯು' ಬಗ್ಗೆ ನನಗೆ ತಕರಾರಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು, ಕುದುರೆ ಯಾಕೆ ಈಯಬಾರದು? ಗಿಣ್ಣಿನ ಮೇಲೆ ಮಾತ್ರ ಒಬ್ಬ ಹುಡುಗ ತಗಾದೆ ತೆಗೆದ. ಅವನಿಗೆ ಗಿಣ್ಣು ಅಂದರೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು. ಇಲ್ಲಿ ಅದು ಜೀವದ ಪ್ರಶ್ನೆ. ರೋಗ ತಡೆಯುವ ಶಕ್ತಿ ಮರಿಗೆ ಆ ಹಾಲಿನಿಂದಲೇ ಬರಬೇಕು, ಅದೂ ಮೊದಲ ದಿನವೇ. ಆಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ನಮ್ಮದು ಗಂಟೆಯೊಳಗೆ ಎದ್ದು ನಿಂತಿತಂತೆ. ಕೆಚ್ಚಲು ಸಿಗದೆ ತಾಯಿಯ ಮುಂಗಾಲು, ಗೋಡೆ, ಹಿರಿಯರ ಲುಂಗಿ ಎಲ್ಲ ಚೀಪಿ, ಎರಡು ಗಂಟೆ ಆಗುವಷ್ಟರಲ್ಲಿ ಸರಿಯಾದ ಜಾಗಕ್ಕೆ ಬಾಯಿ ಹಾಕಿತಂತೆ. ಇದಕ್ಕೆ ಗಿಣ್ಣು ಅನ್ನದೆ ಇನ್ನೇನು ಅನ್ನಲಿ?

ನನ್ನನ್ನು ನಿಜವಾಗಿ ಕಾಡುತ್ತಿರುವುದು ಬೇರೆ. ಅವತ್ತೇ ಬೆಳಗ್ಗೆ ಫೋನು ಬಂದು ಓಡಿಹೋಗಿದ್ದೆ. ಮರಿ ಮಲಗಿದ್ದಾಗ ಗೊರಸಿನ ಅಡಿ ನೋಡಿದೆ. ಎಳನೀರಿನ ಗಂಜಿಯನ್ನು ಸೀಳಿ ಅಂಟಿಸಿದ ಹಾಗೆ ಬಿಳಿ ಎಳೆಗಳು, ಮುಟ್ಟಿದರೆ ಮೆತ್ತಗೆ, ರಬ್ಬರಿನಂತೆ. ಹೊಟ್ಟೆಯಲ್ಲಿ ಒದ್ದಾಡುವಾಗ ತಾಯಿಗೆ ಗಾಯವಾಗದಿರಲಿ ಅಂತ ಈ ಹೊದಿಕೆ. ನಡೆಯಲು ಶುರುಮಾಡಿದ ಮೇಲೆ ಒಣಗಿ ಸವೆದು ಹೋಗುತ್ತದೆ. ಸಂಜೆಗೆ ನೋಡಿದರೆ ಅರ್ಧ ಇರಲಿಲ್ಲ. ಕರುವಿಗೂ ಇಂಥದ್ದು ಇರುತ್ತದೆ. ನಮ್ಮಜ್ಜಿ ಹುಟ್ಟಿದ ಕೂಡಲೇ ಉಗುರಿನಿಂದ ಚಿವುಟಿ ತೆಗೆಯುತ್ತಿದ್ದರು. ಏನೋ ಒಂದು ಹೆಸರು ಹೇಳುತ್ತಿದ್ದರು, ಮರೆತೇಹೋಗಿದೆ. ನಿಮ್ಮ ಮನೆಗಳಲ್ಲಿ ಇದಕ್ಕೆ ಏನು ಅನ್ನುತ್ತಾರೆ?

ಕುಣಿಗಲ್ ಕಡೆಯವರು, ಮೈಸೂರಿನ ಜಟಕಾದವರ ಮನೆಯ ಹತ್ತಿರ ಬೆಳೆದವರು ಯಾರಾದರೂ ಇದ್ದರೆ, ಕರುವೋ ಮರಿಯೋ ಅನ್ನುವುದನ್ನೂ ತಿಳಿಸಿ. ಸದ್ಯಕ್ಕೆ ನನ್ನ ಓಟು ಮರಿಗೆ.

ಅಂದಹಾಗೆ ತಾಯಿ ಬಿಳಿ, ಮಗಳು ಇದ್ದಿಲಿನಂತೆ ಕಪ್ಪು. ಬೆಳ್ಳಗೆ ಕಾಣುವ ಕುದುರೆಗಳಲ್ಲಿ ಹೆಚ್ಚಿನವು ಹುಟ್ಟುವಾಗ ಬಿಳಿ ಇರುವುದಿಲ್ಲ, ವರ್ಷ ಕಳೆದಂತೆ ಬೆಳ್ಳಗಾಗುತ್ತವೆ ಅಂತ ವೈದ್ಯರು ಹೇಳಿದರು. ಹಿರಿಯರು ಆಗಲೇ ಕರಿಯಮ್ಮ ಅಂತ ಹೆಸರಿಟ್ಟಾಗಿದೆ. ಶನಿವಾರ ಬೋರ್ಡು ಬರೆಯುವವನು ಬರುತ್ತಾನೆ. 'ಕುದುರೆ ___ಗೆ ತಿಂಡಿ ಕೊಡಬೇಡಿ' ಅಂತ ಬರೆಸಬೇಕು. ಅಷ್ಟರೊಳಗೆ ಉತ್ತರ ಹಾಕಿ.