ಮಂಜಲ್ಲದ ಮಬ್ಬಿಗೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ನನಗೆ ಒಂದೇ ಒಂದು ಪದ ಬೇಕಾಗಿದೆ. ಒಣ ಧೂಳು, ಹೊಗೆಯಿಂದ ದೂರದ ಬೆಟ್ಟ ಮಂಕಾಗಿ ಕಾಣುವುದಕ್ಕೆ ಇಂಗ್ಲಿಷಿನಲ್ಲಿ ‘ಹೇಜ್’ ಅನ್ನುತ್ತಾರಲ್ಲ, ಅದಕ್ಕೆ ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ನಿಘಂಟಿನಲ್ಲಿರುವುದಕ್ಕಿಂತ ಬಾಯಲ್ಲಿರುವ ಪದ ಸಿಕ್ಕರೆ ತುಂಬಾ ಸಂತೋಷ.

ಮಾರ್ಚ್ ಕೊನೆಯಲ್ಲಿ ನಾವು ಕೆಲವು ಗೆಳೆಯರು ಸೇರಿ ಮಡಿಕೇರಿಯಲ್ಲಿ ಮೂರು ದಿನದ ಫೋಟೋ ಶಿಬಿರ ನಡೆಸುತ್ತೇವೆ. ಪ್ರಾಣಿ ಪಕ್ಷಿ ಅಲ್ಲ, ಬೆಟ್ಟ, ಕಣಿವೆ, ಗದ್ದೆ, ತೋಟದ ಫೋಟೋ. ಬರುವವರು ಹೆಚ್ಚಾಗಿ ಇಲ್ಲಿಯವರೇ. ತೋಟದ ಮನೆಯ ಹುಡುಗ ಹುಡುಗಿಯರು, ಮಾಂದಲಪಟ್ಟಿಗೆ ಜೀಪ್ ಓಡಿಸುವವರು, ಹೋಂಸ್ಟೇ ಇಟ್ಟುಕೊಂಡವರು. ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗೆಳೆಯನೊಬ್ಬ ಏಪ್ರಿಲ್‌ನಲ್ಲಿ ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಇಂಥದ್ದೇ ಶಿಬಿರಕ್ಕೆ ಹೋಗಿದ್ದ. ಅಲ್ಲಿ ಅವನು ಬರೆದುಕೊಂಡ ಟಿಪ್ಪಣಿಯೇ ನನಗೆ ಆಧಾರ. ಆ ಬೆಟ್ಟಗಳ ಹೆಸರಿನಲ್ಲೇ ಹೊಗೆ ಇದೆ. ದೂರದ ಸಾಲುಗಳ ಮೇಲೆ ನೀಲಿ ಹೊಗೆಯಂಥದ್ದು ಕೂತಿರುತ್ತದೆ. ಅಲ್ಲಿನ ಮರಗಳು ಗಾಳಿಗೆ ಬಿಡುವ ಆವಿಯೂ ಅದಕ್ಕೆ ಒಂದು ಕಾರಣ. ಹಾಗಾಗಿ ಟಿಪ್ಪಣಿಯಲ್ಲಿ ಮಿಸ್ಟ್, ಫಾಗ್, ಹೇಜ್ ಮೂರೂ ಪುಟಪುಟಕ್ಕೂ ಬರುತ್ತವೆ. ಮೊದಲ ಕರಡಿನಲ್ಲಿ ನಾನು ಮೂರಕ್ಕೂ ‘ಮಂಜು’ ಅಂತ ಬರೆದುಬಿಟ್ಟೆ.

ಅದು ತಪ್ಪು ಅಂತ ಹೋದ ವರ್ಷದ ಶಿಬಿರದಲ್ಲೇ ಗೊತ್ತಾಯಿತು. ‘ದೂರದ ಬೆಟ್ಟ ಮಂಜಾಗಿದ್ದರೆ ಪೋಲರೈಸರ್ ಹಾಕಿ’ ಎಂದು ಬರೆದಿದ್ದೆ. ಪೋಲರೈಸರ್ ಅಂದರೆ ಲೆನ್ಸ್ ಮುಂದೆ ಹಾಕಿ ತಿರುಗಿಸುವ ಒಂದು ಫಿಲ್ಟರ್. ಒಬ್ಬ ಹುಡುಗ ಬೆಳಗ್ಗೆ ಆರೂವರೆಗೆ ರಾಜಾಸೀಟ್‌ನಲ್ಲಿ ದಟ್ಟ ಮಂಜಿನ ಮುಂದೆ ನಿಂತು ಪೋಲರೈಸರ್ ತಿರುಗಿಸುತ್ತಲೇ ಇದ್ದ. “ಅಣ್ಣಾ, ಮಂಜು ಹೋಗ್ತಾನೇ ಇಲ್ಲ” ಅಂದ. ಹೋಗುವುದಿಲ್ಲ. ಎರಡು ಸ್ಟಾಪ್‌ನಷ್ಟು, ಅಂದರೆ ಮುಕ್ಕಾಲು ಪಾಲು ಬೆಳಕು ಸುಮ್ನೆ ಹಾಳು. ಅದೇ ಸಂಜೆ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಪಾಠ. ಅದರಲ್ಲಿ ‘ಡೀಹೇಜ್’ ಅಂತ ಒಂದು ಸ್ಲೈಡರ್ ಇದೆ. ಅದಕ್ಕೆ ನಾನು ಕೊಟ್ಟ ಕನ್ನಡ ‘ಮಂಜು ತೆಗೆಯುವುದು’. ಒಬ್ಬಳು ಹುಡುಗಿ ಗದ್ದೆಯಿಂದ ಮಂಜು ಏಳುವ ಚಂದದ ಫೋಟೋ ತೆಗೆದಿದ್ದಳು. ನಾನು ಬರೆದದ್ದನ್ನು ನಂಬಿ ಸ್ಲೈಡರನ್ನು ಕೊನೆಯವರೆಗೂ ಎಳೆದಳು. ಮರಗಳೆಲ್ಲ ಕಪ್ಪಾದವು, ಗದ್ದೆ ಕೊಳೆಯಾದಂತೆ ಕಂಡಿತು. ಮಂಜೇ ಆ ಫೋಟೋದ ಜೀವ ಆಗಿತ್ತು. ಅವಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಒಂದು ಪದ ಸರಿಯಿಲ್ಲದೆ ಹೀಗಾಯಿತಲ್ಲ ಅಂತ.

ಫಾಗ್, ಮಿಸ್ಟ್ ಬಗ್ಗೆ ನನಗೆ ಅಂಥ ಚಿಂತೆ ಇಲ್ಲ. ಹವಾಮಾನದವರ ಲೆಕ್ಕದಲ್ಲಿ 1 ಕಿಲೋಮೀಟರಿಗಿಂತ ಆಚೆ ಕಾಣದಿದ್ದರೆ ಫಾಗ್, ಕಂಡರೆ ಮಿಸ್ಟ್. ಎರಡೂ ನೀರಿನ ಹನಿಯೇ. ದಟ್ಟ ಮಂಜು, ತೆಳು ಮಂಜು ಅಂದರೆ ಸಾಕು. ಹೇಜ್ ಹಾಗಲ್ಲ. ಅದು ಒಣಗಿದ್ದು. ಧೂಳು, ಹೊಗೆ, ಗಾಳಿಯಲ್ಲಿ ತೇಲುವ ಸಣ್ಣ ಕಣಗಳು. ಇಲ್ಲಿ ಅದು ಫೆಬ್ರವರಿ, ಮಾರ್ಚ್‌ನಲ್ಲಿ ಜಾಸ್ತಿ. ಮಳೆ ಇಲ್ಲ, ಕಾಡು ಒಣಗಿರುತ್ತದೆ, ಎಲ್ಲೋ ಬೆಂಕಿ ಬಿದ್ದಿರುತ್ತದೆ. ಮಳೆಗಾಲ ಮುಗಿದ ಮೇಲೆ ಕತ್ತರಿಸಿ ಇಟ್ಟಂತೆ ಕಾಣುವ ಪುಷ್ಪಗಿರಿಯ ಸಾಲು ಆಗ ಬರೀ ಒಂದು ಬೂದುನೀಲಿ ಗೆರೆ. ಮಂಜು ಬಿಸಿಲೇರಿದರೆ ಹೋಗುತ್ತದೆ, ಇದು ಹೋಗುವುದಿಲ್ಲ, ನಡುಮಧ್ಯಾಹ್ನವೂ ಇರುತ್ತದೆ. ಸೂರ್ಯ ಪಕ್ಕದಲ್ಲಿದ್ದಾಗ ಪೋಲರೈಸರ್ ಇದನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡುತ್ತದೆ. ಅಂದರೆ ಮಂಜಿಗೆ ಒಂದು ಉಪಾಯ, ಇದಕ್ಕೆ ಬೇರೆಯೇ ಉಪಾಯ. ಒಂದೇ ಹೆಸರಿಟ್ಟರೆ ಕಲಿಯುವವರಿಗೆ ಕಷ್ಟ, ಅಲ್ವಾ?

ಕನ್ನಡದಲ್ಲಿ ‘ಮಂಜು’ ಈಗಾಗಲೇ ಹೊರಲಾರದಷ್ಟು ಹೊತ್ತಿದೆ. ಮಡಿಕೇರಿಯನ್ನು ಪತ್ರಿಕೆಯವರು ಮಂಜಿನ ನಗರಿ ಅನ್ನುತ್ತಾರೆ. ಹಿಮಾಲಯದಲ್ಲಿ ಬೀಳುವುದೂ ಮಂಜೇ. ಫ್ರಿಜ್ಜಿನಲ್ಲಿರುವುದು ಮಂಜುಗಡ್ಡೆ. ವಯಸ್ಸಾದವರ ಕಣ್ಣೂ ಮಂಜಾಗುತ್ತದೆ. ಇನ್ನೂ ಒಂದು ಅರ್ಥವನ್ನು ಅದರ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ನಾನು ಯೋಚಿಸಿದ ಪದಗಳನ್ನು ಹೇಳುತ್ತೇನೆ. ‘ಮಸುಕು’ ಅರ್ಥಕ್ಕೆ ಹತ್ತಿರವೇ. ಆದರೆ ಫೋಟೋ ತೆಗೆಯುವವರ ಬಾಯಲ್ಲಿ ಮಸುಕು ಅಂದರೆ ಫೋಕಸ್ ತಪ್ಪಿದ್ದು, ಕೈ ಅಲುಗಿದ್ದು. ‘ಬೆಟ್ಟ ಮಸುಕಾಗಿದೆ’ ಅಂದರೆ ಲೆನ್ಸ್ ನೋಡಿಕೊಳ್ಳುತ್ತಾರೆ. ‘ಹೊಗೆಮಂಜು’, ಅದನ್ನೇ ಕುಗ್ಗಿಸಿದ ‘ಹೊಂಜು’ ಎರಡನ್ನೂ ಓದಿದ್ದೇನೆ. ಅವು ಪಟ್ಟಣದ ವಾಹನದ ಹೊಗೆಗೆ ಸರಿ. ಇಲ್ಲೂ ಮತ್ತೆ ಮಂಜು ಬಂದು ಕೂತಿದೆ. ‘ಝಳ’ ಬೇರೆ. ಅದು ಬಿಸಿಲಿಗೆ ಕಾದ ಗಾಳಿ, ಡಾಂಬರು ರಸ್ತೆಯ ಮೇಲೆ ನಡುಗುವಂತೆ ಕಾಣುವುದು. ‘ಕಾವಳ’ ನನಗೆ ಇಷ್ಟದ ಪದ. ಆದರೆ ಅದಕ್ಕೆ ಕತ್ತಲೆ ಎಂಬ ಅರ್ಥವೂ ಇದೆ. ನಡುಮಧ್ಯಾಹ್ನದ ಬೆಳಕಿಗೆ ಅದನ್ನು ಹೇಗೆ ಹೇಳಲಿ? ನಮ್ಮ ತೋಟದ ಕಡೆ ಮಲಯಾಳ ಮಾತಾಡುವವರು ‘ಮೂಡಲ್ ಮಞ್ಞ್’ ಅನ್ನುತ್ತಾರೆ. ಅಲ್ಲಿ ಮೂಡಲ್ ಅಂದರೆ ಮುಚ್ಚುವುದು. ಅದೂ ನೀರಿನ ಮಂಜೇ. ಜೊತೆಗೆ ಕನ್ನಡದ ಕಿವಿಗೆ ಮೂಡುವುದು ಅಂದರೆ ಕಾಣಿಸಿಕೊಳ್ಳುವುದು, ಪೂರಾ ಉಲ್ಟಾ.

ಉಳಿದದ್ದು ‘ಮಬ್ಬು’. ಪಕ್ಕದ ಮನೆಯ ಅಜ್ಜಿ ಅರೆಭಾಷೆ ಮನೆಮಾತಿನವರು, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಾರೆ. ಮೊನ್ನೆ ಅಂಗಳದಲ್ಲಿ ನಿಂತು ಎದುರಿನ ಬೆಟ್ಟ ತೋರಿಸಿ, ಅದು ಮಂಜಾ ಅಜ್ಜಿ ಅಂತ ಕೇಳಿದೆ. “ಮಂಜು ಎಲ್ಲಿಂದ ಬಂತು ಈಗ? ಬೆಟ್ಟಕ್ಕೆ ಮಬ್ಬು ಹಿಡಿದಿದೆ. ಒಂದು ಮಳೆ ಬಂದ್ರೇ ಹೋಗೋದು” ಅಂದರು.

ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಕ್ರಿಯಾಪದ ನೋಡಿ. ಮಂಜು ಬೀಳುತ್ತದೆ, ಕವಿಯುತ್ತದೆ, ಏಳುತ್ತದೆ, ಸರಿಯುತ್ತದೆ, ಕರಗುತ್ತದೆ. ಅದಕ್ಕೆ ಓಡಾಟ ಇದೆ. ಮಬ್ಬು ಹಿಡಿಯುತ್ತದೆ. ತುಕ್ಕು ಹಿಡಿದಂತೆ, ಮಸಿ ಹಿಡಿದಂತೆ. ಹೋಗಬೇಕಾದರೆ ತೊಳೆಯಬೇಕು. ಹೇಜ್ ಅಂದರೆ ಏನು ಅಂತ ಅಜ್ಜಿಯ ಒಂದು ಕ್ರಿಯಾಪದವೇ ಹೇಳಿಬಿಟ್ಟಿತು.

ತೊಳೆಯುವ ಮಳೆಯೂ ಇಲ್ಲಿ ಇದೆ. ಹೂಮಳೆ. ಸಾಹಿತ್ಯದ ಕನ್ನಡದಲ್ಲಿ ಹೂಮಳೆ ಅಂದರೆ ಹೂವೇ ಮಳೆಯಾಗಿ ಸುರಿಯುವುದು. ಕೊಡಗಿನಲ್ಲಿ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ. ಇಲ್ಲಿ ಮಳೆಯನ್ನು ಇಂಚು, ಸೆಂಟ್‌ನಲ್ಲಿ ಹೇಳುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. ಅಷ್ಟು ಬಿದ್ದರೆ ಬೆಳೆಗಾರರಿಗೆ ಸಮಾಧಾನ. ಮಾರನೇ ಬೆಳಗ್ಗೆಯೇ ದೂರದ ಬೆಟ್ಟ ಎದ್ದು ಕಾಣುತ್ತದೆ. ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ವಾಸನೆ, ಮೂರು ನಾಲ್ಕು ದಿನ ಅಷ್ಟೇ. ಗೆಳೆಯನ ಟಿಪ್ಪಣಿಯ ‘ಸ್ಪ್ರಿಂಗ್’ ಅನ್ನು ಮೊದಲು ವಸಂತ ಅಂತ ಬರೆದಿದ್ದೆ. ಈಗ ಹೊಡೆದುಹಾಕಿ ‘ಹೂಮಳೆ ಶಿಬಿರ’ ಅಂತ ಹೆಸರಿಟ್ಟಿದ್ದೇನೆ. ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ.

ಅನುಮಾನ ಇರುವುದು ಮಬ್ಬಿನ ಬಗ್ಗೆ. ಮಬ್ಬುಗತ್ತಲೆ ಅನ್ನುತ್ತೇವೆ, ಮೋಡ ಕವಿದರೂ ಮಬ್ಬು ಅನ್ನುತ್ತೇವೆ. ಬರೀ ‘ಮಬ್ಬು’ ಎಂದು ಬರೆದರೆ ಸಂಜೆಯ ಮಂದ ಬೆಳಕು ಅಂತ ತಿಳಿಯಬಹುದು. ಅದಕ್ಕೇ ‘ಬಿಸಿಲಮಬ್ಬು’ ಅಂತ ಜೋಡಿಸಿ ನೋಡಿದೆ. ಡೀಹೇಜ್‌ಗೆ ‘ಮಬ್ಬು ತೊಳೆಯುವುದು’. ಬಾಯಲ್ಲಿ ಹೇಳಿಕೊಂಡರೆ ಚೆನ್ನಾಗೇ ಇದೆ. ನಿಮ್ಮ ಕಿವಿಗೆ ಹೇಗೆ?

ಕೊಡವ ತಕ್ಕ್‌ನವರು, ಅರೆಭಾಷೆಯವರು, ನಾಗರಹೊಳೆ ಕಡೆಯ ಬುಡಕಟ್ಟು ಹಾಡಿಗಳ ಮಾತು ಬಲ್ಲವರು ದಯವಿಟ್ಟು ಹೇಳಿ, ಇದಕ್ಕೆಂದೇ ನಿಮ್ಮಲ್ಲಿ ಪದ ಇದೆಯಾ? ಬಳ್ಳಾರಿ, ಕಲಬುರಗಿ ಕಡೆಯವರು ನಮಗಿಂತ ಜಾಸ್ತಿ ಧೂಳು ನೋಡಿದವರು. ಏಪ್ರಿಲ್ ಮಧ್ಯಾಹ್ನ ದೂರದ ಗುಡ್ಡ ಕಾಣದಿದ್ದಾಗ ನೀವು ಏನನ್ನುತ್ತೀರಿ? ಯಾವ ಪದ ಅನ್ನುವುದರ ಜೊತೆಗೆ ಕ್ರಿಯಾಪದವನ್ನೂ ಬರೆಯಿರಿ. ಹಿಡಿಯುತ್ತದಾ, ಕಟ್ಟುತ್ತದಾ, ಮುಸುಕುತ್ತದಾ? ಶಿವರಾತ್ರಿ ಮುಗಿದ ಮರುವಾರವೇ ಕೈಪಿಡಿ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಹೇಳಿದರೆ ಉಪಕಾರ.