ಕಣ ಕಾಯಲು ಗ್ರೇಟ್ ಡೇನ್ ತರಲಾ, ಬುಲ್‌ಮಾಸ್ಟಿಫ್ ತರಲಾ?

ಸಿದ್ದಾಪುರ: ಹೋದ ಫೆಬ್ರವರಿಯಲ್ಲಿ ಕಣದಿಂದ ಆರು ಮೂಟೆ ಕಾಫಿ ಕಳುವಾಯಿತು. ದೊಡ್ಡ ಜಾತಿ ನಾಯಿ ತರಬೇಕು ಅಂತಿದ್ದೇವೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ಸಾಕಿದವರು ಹೇಳಿ.

ಸೋಮವಾರಪೇಟೆ: ನಮ್ಮ ಡೇನ್ ಭೀಮ 72 ಕೆಜಿ ಇದ್ದ. ಜುಲೈ ತಿಂಗಳ ರಾತ್ರಿ, ಜೋರು ಮಳೆ. ಊಟವಾಗಿ ಅರ್ಧ ಗಂಟೆಗೆ ವಾಂತಿ ಮಾಡಲು ಒದ್ದಾಡಿದ, ಏನೂ ಬರಲಿಲ್ಲ. ಹೊಟ್ಟೆ ಡೋಲಿನ ಹಾಗೆ ಉಬ್ಬಿತು. ಎದೆ ಆಳ ಇರುವ ಜಾತಿಗಳಲ್ಲಿ ಜಠರಕ್ಕೆ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ. ದಾರಿಯಲ್ಲಿ ಮರ ಬಿದ್ದಿತ್ತು, ಕತ್ತಿಯಲ್ಲಿ ಕಡಿದು ಹೋದೆವು. ಮೈಸೂರು ಮುಟ್ಟಿದಾಗ ಎರಡು ಗಂಟೆ. ಆಪರೇಷನ್‌ಗೆ 46,000, ಗಾಡಿಗೆ 5,500, ಡ್ರಿಪ್ಪು ಇಂಜೆಕ್ಷನ್‌ಗೆ 11,200. ಹನ್ನೊಂದನೇ ದಿನ ಹೋದ. ಐದೇ ವರ್ಷ. ಸಂತಾನಹರಣ ಮಾಡಿಸುವಾಗಲೇ ಜಠರವನ್ನು ಪಕ್ಕೆಗೆ ಹೊಲಿಸಬಹುದಿತ್ತಂತೆ. ಆಗ ಯಾರೂ ಹೇಳಲಿಲ್ಲ.

ಪೊನ್ನಂಪೇಟೆ: ಡೇನ್ ಕಾವಲಿಗೆ ಹುಟ್ಟಿದ ನಾಯಿಯೇ ಅಲ್ಲ. ಅದನ್ನು ಜರ್ಮನಿಯವರು ಕಾಡುಹಂದಿ ಬೇಟೆಗೆ ಬೆಳೆಸಿದ್ದು. ಬುಲ್‌ಮಾಸ್ಟಿಫ್ ಹಾಗಲ್ಲ. ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ರಾತ್ರಿ ಕಳ್ಳಬೇಟೆಯವರನ್ನು ಹಿಡಿಯಲು 60 ಪಾಲು ಮಾಸ್ಟಿಫ್, 40 ಪಾಲು ಬುಲ್‌ಡಾಗ್ ಸೇರಿಸಿ ಮಾಡಿದ ತಳಿ. 1924ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಒಪ್ಪಿತು. ಕೆಡವಿ ಹಿಡಿಯುವುದು ಅದರ ಕೆಲಸ, ಹರಿಯುವುದಲ್ಲ. ಮೆಣಸು ಕದಿಯಲು ಬಂದವನನ್ನು ನಮ್ಮ ಹೆಣ್ಣುನಾಯಿ ಲೈನ್ ಮನೆಯ ತೋಟದ ಕೆಲಸಗಾರರು ಬರುವ ತನಕ ಒತ್ತಿ ಹಿಡಿದಿತ್ತು. ಮೈಮೇಲೆ ಒಂದು ಗೀರಿಲ್ಲ.

ಸೋಮವಾರಪೇಟೆ: ಅಕ್ಕ, ಭೀಮ ಅಂಗಳದಲ್ಲಿ ನಿಂತರೆ ಗೇಟು ಮುಟ್ಟಿದವರಿಲ್ಲ. ನಿಮ್ಮದು ಗಿಡ್ಡ ಮೂತಿ, ಏಪ್ರಿಲ್ ಬಿಸಿಲಲ್ಲಿ ಉಸಿರಾಡಲೂ ಕಷ್ಟ, ಅಲ್ವಾ?

ಪೊನ್ನಂಪೇಟೆ: ಹಗಲು ಒಳಗೆ ಇರುತ್ತದೆ. ಕಣ ಕಾಯುವುದು ರಾತ್ರಿ ತಾನೇ?

ಸುಂಟಿಕೊಪ್ಪ: ಸುಮ್ನೆ ಜಗಳ ಬೇಡ. ಉಣ್ಣಿ ಬಗ್ಗೆ ಯಾಕೆ ಯಾರೂ ಹೇಳುತ್ತಿಲ್ಲ? ನಮ್ಮ ಸೇಂಟ್ ಬರ್ನಾರ್ಡ್‌ಗೆ ಮಳೆಗಾಲದಲ್ಲಿ ಕೂದಲು ಒಣಗುತ್ತಲೇ ಇರಲಿಲ್ಲ. ಬುಡದಲ್ಲಿದ್ದ ಉಣ್ಣಿ ಕಾಣಲಿಲ್ಲ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿತು, ವಸಡು ಬಿಳಚಿತು. ಉಣ್ಣಿ ಜ್ವರ. ರಕ್ತ ಕೊಡಿಸಿ ಉಳಿಸಿಕೊಂಡೆವು, 19,800 ಆಯಿತು. ಔಷಧವೆಲ್ಲ ತೂಕದ ಲೆಕ್ಕ, ದೊಡ್ಡ ನಾಯಿಗೆ ಜಾಸ್ತಿ. ಈಗ ಮುಧೋಳ ತಂದಿದ್ದೇವೆ. ನಮ್ಮ ನಾಡಿನ ತಳಿ, 2005ರಲ್ಲಿ ಅಂಚೆಚೀಟಿಯಲ್ಲೂ ಬಂತು.

ಪೊನ್ನಂಪೇಟೆ: ಮುಧೋಳ ಮೊಲ ಅಟ್ಟುವ ನಾಯಿ. ಬಯಲಲ್ಲಿ ಓಡಲಿ. ಕಾಫಿ ಗಿಡದ ನಡುವೆ ಅದು ಯಾರನ್ನು ಹಿಡಿಯುತ್ತದೆ?

ಸುಂಟಿಕೊಪ್ಪ: ನೋಡದೆ ಹೇಳಬೇಡಿ. ಹೋದ ತಿಂಗಳು ಕೋಳಿಗೂಡಿನ ಹತ್ತಿರ ಚಿರತೆ ಬಂದಾಗ ಮೊದಲು ಎದ್ದದ್ದು ಅದೇ. ಆ ಚಿರತೆ ಪಕ್ಕದ ತೋಟದ ರಾಟ್‌ವೈಲರ್ ಹೊತ್ತುಕೊಂಡು ಹೋಯಿತು.

ಸೋಮವಾರಪೇಟೆ: ನಿಮ್ಮ ನಾಯಿ ನಿಮಗೆ ದೊಡ್ಡದು, ಒಪ್ಪಿದೆ. ಭೀಮನನ್ನು ಕಣದ ಪಕ್ಕದ ಸಿಲ್ವರ್ ಓಕ್ ಬುಡದಲ್ಲೇ ಹೂತಿದ್ದೇವೆ. ಅವನು ಕಾವಲಿಗೆ ಹುಟ್ಟಿದವನಲ್ಲ ಅಂತ ಬರೆದದ್ದನ್ನು ಅಳಿಸಿ ಅಕ್ಕ.